ಎರಡು ಸಾವಿರದಲ್ಲಿ ತಂಬೂರಿ ಚೆನ್ನಾಗಿ ಕೇಳಬೇಕು

ಕುಮಟೆಯಲ್ಲಿ ಮೂವತ್ತು ವರ್ಷದಿಂದ ನನ್ನದೊಂದು ಮೈಕ್‌ಸೆಟ್ ಮತ್ತು ರಿಪೇರಿ ಅಂಗಡಿ ಇದೆ. ಈ ಸಲ ಬಂದ ಪತ್ರಗಳಲ್ಲಿ ಹೆಡ್‌ಫೋನಿನ ಪ್ರಶ್ನೆಗಳೇ ಜಾಸ್ತಿ. ನಾಲ್ಕನ್ನು ಎತ್ತಿಕೊಂಡಿದ್ದೇನೆ. ಮೊದಲನೆಯ ಪತ್ರಕ್ಕೆ ಉದ್ದ ಉತ್ತರ ಬರೆದಿದ್ದೇನೆ. ಅಷ್ಟು ಕಷ್ಟಪಟ್ಟು ಕೂಡಿಸಿದ ದುಡ್ಡು ಹಾಳಾಗಬಾರದು ಅಲ್ವಾ?

ಪ್ರಶ್ನೆ: ನಾನು ಬಿ.ಎ. ಓದುತ್ತಾ ಹಿಂದೂಸ್ತಾನಿ ಗಾಯನ ಕಲಿಯುತ್ತಿದ್ದೇನೆ. ಫೋನಿನಲ್ಲಿ ತಂಬೂರಿ ಆ್ಯಪ್ ಹಾಕಿಕೊಂಡು ರಿಯಾಜ್ ಮಾಡುತ್ತೇನೆ. ಗುರುಗಳ ಪಾಠದ ರೆಕಾರ್ಡಿಂಗ್ ಕೇಳುತ್ತೇನೆ. ಈಗಿರುವ ಇಯರ್‌ಫೋನಿನಲ್ಲಿ ಎಲ್ಲವೂ ಡಬಡಬ ಅನ್ನಿಸುತ್ತದೆ. ಮಕ್ಕಳಿಗೆ ಟ್ಯೂಷನ್ ಹೇಳಿ ಎರಡು ಸಾವಿರ ರೂಪಾಯಿ ಉಳಿಸಿದ್ದೇನೆ. ಅದರ ಮೇಲೆ ಒಂದು ರೂಪಾಯಿಯೂ ಆಗುವುದಿಲ್ಲ. ಗೆಳತಿಯರು ಬ್ಲೂಟೂತ್‌ದೇ ತಗೋ ಅನ್ನುತ್ತಾರೆ. ಯಾವುದು ತೆಗೆದುಕೊಳ್ಳಲಿ?
– ವಿದ್ಯಾರ್ಥಿನಿ, ಹೊನ್ನಾವರ

ಉತ್ತರ: ತಂಗಿ, ವೈರ್ ಇರುವುದನ್ನೇ ತಗೋ. ಕಿವಿಯೊಳಗೆ ಕೂರುವ, ರಬ್ಬರ್ ತುದಿಯ ಇಯರ್‌ಫೋನ್. ಇದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ.

ಬ್ಲೂಟೂತ್ ಜೋಡಿಯೊಂದನ್ನು ಬಿಚ್ಚಿ ನೋಡಿದರೆ ಕಾರಣ ಗೊತ್ತಾಗುತ್ತದೆ. ಎರಡು ಕಿವಿಗೆ ಎರಡು ಬ್ಯಾಟರಿ. ಡಬ್ಬಿಯಲ್ಲಿ ಮೂರನೆಯದು. ಮೇಲೆ ರೇಡಿಯೋ ಚಿಪ್, ಮೈಕು, ಚಾರ್ಜಿಂಗ್ ಸರ್ಕ್ಯೂಟು. ನಿನ್ನ ಎರಡು ಸಾವಿರ ಇಷ್ಟಕ್ಕೆಲ್ಲ ಹಂಚಿಹೋಗುತ್ತದೆ. ನಿಜವಾಗಿ ಸದ್ದು ಮಾಡುವ ಡ್ರೈವರಿಗೆ ಉಳಿಯುವುದು ಸ್ವಲ್ಪ. ವೈರಿನದ್ದರಲ್ಲಿ ಆ ಖರ್ಚು ಯಾವುದೂ ಇಲ್ಲ. ಇನ್ನೊಂದು ವಿಷಯ: ಎರಡು-ಮೂರು ವರ್ಷಕ್ಕೆ ಆ ಪುಟ್ಟ ಬ್ಯಾಟರಿಗಳು ಸೋಲುತ್ತವೆ. ಅಂಟು ಹಾಕಿ ಮುಚ್ಚಿರುತ್ತಾರೆ, ಬದಲಾಯಿಸಿ ಕೊಡಿ ಅಂತ ಬಂದವರನ್ನು ನಾನು ವಾಪಸ್ ಕಳಿಸಬೇಕಾಗುತ್ತದೆ. ಬೇಜಾರಾಗುತ್ತದೆ.

ಹಾಡುವವರಿಗೆ ಮತ್ತೂ ಒಂದು ತೊಂದರೆ ಇದೆ. ಬ್ಲೂಟೂತಿನಲ್ಲಿ ಸದ್ದು ಕಿವಿಗೆ ಬರುವುದು ತುಸು ತಡವಾಗಿ. ಸುಮ್ನೆ ಹಾಡು ಕೇಳುವಾಗ ಅದು ಗೊತ್ತಾಗುವುದಿಲ್ಲ. ಆದರೆ ತಬಲಾ ಠೇಕಾ ಹಾಕಿಕೊಂಡು ಹಾಡಿ, ಅದನ್ನು ಫೋನಿನಲ್ಲೇ ರೆಕಾರ್ಡ್ ಮಾಡಿ ನೋಡು. ನೀನು ಸಮಕ್ಕೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ಸರಿಯಾಗಿ ಬಂದಿದ್ದರೂ ರೆಕಾರ್ಡಿಂಗಿನಲ್ಲಿ ಹಿಂದೆ ಬಿದ್ದಿರುತ್ತೀ. ತಪ್ಪು ನಿನ್ನದಲ್ಲ, ಆದರೂ ಮನಸ್ಸಿಗೆ ಗೊಂದಲ. ಆನ್‌ಲೈನ್ ಪಾಠದಲ್ಲಿ ಇಯರ್‌ಫೋನಿನ ಮೈಕ್ ಚಾಲೂ ಆದ ಕೂಡಲೇ ಅಗ್ಗದ ಬ್ಲೂಟೂತ್ ಜೋಡಿಗಳ ಸದ್ದು ಫೋನ್ ಕರೆಯ ಮಟ್ಟಕ್ಕೆ ಇಳಿದುಬಿಡುತ್ತದೆ. ಸ್ವರದಿಂದ ಸ್ವರಕ್ಕೆ ಜಾರುವ ಗುರುಗಳ ಮೀಂಡು ಅದರಲ್ಲಿ ಹೇಗೆ ಕೇಳಬೇಕು?

ದುಡ್ಡು ಕಡಿಮೆ ಅಂತ ಬೇಸರ ಮಾಡಿಕೊಳ್ಳಬೇಡ. 2017ರಲ್ಲಿ ಯೆರೂನ್ ಬ್ರೇಬಾರ್ಟ್ ಎಂಬ ಸಂಶೋಧಕರು 283 ಹೆಡ್‌ಫೋನುಗಳನ್ನು ಅಳತೆ ಮಾಡಿ ಒಂದು ಲೇಖನ ಪ್ರಕಟಿಸಿದರು. ಮಂದ್ರದಿಂದ ತಾರದವರೆಗೆ ಯಾವ ಸದ್ದು ಎಷ್ಟು ಜೋರಾಗಿ ಬರುತ್ತದೆ ಎಂಬುದಕ್ಕೂ ಬೆಲೆಗೂ ಸಂಬಂಧವೇ ಕಾಣಲಿಲ್ಲ. ನನ್ನ ಅಂಗಡಿಯ ಅನುಭವವೂ ಹಾಗೆಯೇ ಇದೆ. ಬೆಲೆ ಏರಿದಂತೆ ಗಟ್ಟಿತನ, ಮೆತ್ತನೆಯ ಪ್ಯಾಡು, ಹೆಸರು ಸಿಗಬಹುದು. ಒಳ್ಳೆಯ ಸದ್ದು ಸಿಕ್ಕೇ ಸಿಗುತ್ತದೆ ಅನ್ನುವ ಹಾಗಿಲ್ಲ.

ಡಬ್ಬಿಯ ಮೇಲಿನ ಅಂಕಿಗಳಿಗೂ ಮರುಳಾಗಬೇಡ. ‘20 ಹರ್ಟ್ಸ್‌ನಿಂದ 20,000 ಹರ್ಟ್ಸ್’ ಅಂತ ನೂರು ರೂಪಾಯಿಯದ್ದರ ಮೇಲೂ ಬರೆದಿರುತ್ತಾರೆ. ಅದು ಮನುಷ್ಯರ ಕಿವಿಯ ಅಳತೆ, ಅಷ್ಟೆ. ಆ ಉದ್ದಕ್ಕೂ ಸದ್ದು ಸಮವಾಗಿ ಬರುತ್ತದೋ, ನಡುವೆ ಗುಡ್ಡ-ಕಣಿವೆ ಇದೆಯೋ ಅಂತ ಅದು ಹೇಳುವುದಿಲ್ಲ. ಡ್ರೈವರ್ 10 ಮಿ.ಮೀ. ಇದೆಯೋ 13 ಇದೆಯೋ ಎಂಬುದರಿಂದಲೂ ಏನೂ ತಿಳಿಯುವುದಿಲ್ಲ. ಓಮ್ಸ್, ಅಂದರೆ ಕರೆಂಟಿಗೆ ಇಯರ್‌ಫೋನ್ ಒಡ್ಡುವ ತಡೆಯ ಅಳತೆ, ಅದನ್ನು ಮಾತ್ರ ಒಮ್ಮೆ ನೋಡು. 16ರಿಂದ 32ರ ಆಸುಪಾಸು ಇದ್ದರೆ ಫೋನಿಗೆ ಸಲೀಸು. ಸ್ಟುಡಿಯೋದವರ 250 ಓಮ್ಸ್‌ನ ಹೆಡ್‌ಫೋನು ಹಳೆಯದು ಅಗ್ಗಕ್ಕೆ ಸಿಕ್ಕಿತು ಅಂತ ತಂದರೆ ಫೋನಿನಲ್ಲಿ ಪಿಸುಗುಟ್ಟುತ್ತದೆ.

‘ಎಕ್ಸ್‌ಟ್ರಾ ಬಾಸ್’ ಅಂತ ಬರೆದದ್ದನ್ನು ದೂರ ಇಡು. ಒಮ್ಮೆ ನಾನೂ ಅಂಥದ್ದೊಂದು ತಂದಿದ್ದೆ. ನಮ್ಮೂರ ಬಯಲಲ್ಲಿ ನಾನೇ ಮೈಕ್ ಹಾಕಿ ರೆಕಾರ್ಡ್ ಮಾಡಿದ ಯಕ್ಷಗಾನದ ಆಟ ನನಗೆ ಬಾಯಿಪಾಠ. ಭಾಗವತರ ಎಡಕ್ಕೆ ಯಾರು ಕೆಮ್ಮಿದರು ಅನ್ನುವುದೂ ಗೊತ್ತು. ಅದನ್ನೇ ಹಾಕಿ ಕೇಳಿದೆ. ಮದ್ದಳೆಗೆ ಒಂದು ಶ್ರುತಿ ಇರುತ್ತದೆ, ಬೆರಳು ಬಿದ್ದ ಮೇಲೆ ನಾದ ಸ್ವಲ್ಪ ಹೊತ್ತು ನಿಲ್ಲುತ್ತದೆ. ಅದೆಲ್ಲ ಹೋಗಿ ಗೋಣಿಚೀಲದ ಮೇಲೆ ಗುದ್ದಿದ ಹಾಗೆ ಕೇಳಿತು. ಚಂಡೆಯ ಪೆಟ್ಟಿನ ಮೊನೆ ಮುರಿದಿತ್ತು. ಭಾಗವತರು ಪರದೆಯ ಹಿಂದೆ ಕೂತು ಹಾಡಿದ ಹಾಗಿತ್ತು. ನಿನಗೆ ಕೇಳುತ್ತಿರುವ ಡಬಡಬ ಇದೇ ಇರಬೇಕು.

ಈಗ ಹೆಸರು. ಎರಡು ಸಾವಿರದ ಆಸುಪಾಸಿನಲ್ಲಿ ನಾನು ಧೈರ್ಯವಾಗಿ ಹೇಳುವುದು ಮೂನ್‌ಡ್ರಾಪ್ ಚು 2. ಇದು 2023ರಲ್ಲಿ ಬಂತು. 18 ಓಮ್ಸ್, ಯಾವ ಫೋನಿಗೂ ಆಗುತ್ತದೆ. ಗಾಯನ ಮುಂದೆ ಬಂದು ಕೂರುತ್ತದೆ, ಮಂದ್ರ ಇದೆ ಆದರೆ ಮೈಮೇಲೆ ಬೀಳುವುದಿಲ್ಲ. ಮುಖ್ಯವಾಗಿ, ಇದರ ವೈರ್ ಬಿಚ್ಚಿ ಬೇರೆ ಹಾಕಬಹುದು. ಇಯರ್‌ಫೋನ್ ಸಾಯುವುದೇ ವೈರಿನಿಂದ. ಬದಲಿ ವೈರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಇಡೀ ಜೋಡಿ ಎಸೆಯಬೇಕಾಗಿಲ್ಲ. ಸಾವಿರದಲ್ಲೇ ಮುಗಿಸಬೇಕು ಅನ್ನುವವರಿಗೆ ಕೆಝಡ್ ಇಡಿಎಕ್ಸ್ ಪ್ರೋ ಇದೆ. ಅದರಲ್ಲೂ ವೈರ್ ಬಿಚ್ಚಬಹುದು. ಬಾಸ್ ತುಸು ಜಾಸ್ತಿ, ಮೇಲಿನ ಸ್ವರ ಸ್ವಲ್ಪ ಚುರುಕು. ನಿನಗೆ ಮೊದಲನೆಯದೇ ಸರಿ. ಎರಡರಲ್ಲೂ ಮೈಕ್ ಇರುವ ವೈರು, ಇಲ್ಲದ ವೈರು ಅಂತ ಎರಡು ಬಗೆ ಬರುತ್ತವೆ. ಆನ್‌ಲೈನ್ ಪಾಠ ಇದೆಯಾದರೆ ನೋಡಿಕೊಂಡು ಆರ್ಡರ್ ಮಾಡು.

ಬಂದ ದಿನ ಹೀಗೆ ಮಾಡು. ಡಬ್ಬಿಯಲ್ಲಿ ರಬ್ಬರ್ ತುದಿಗಳು ಮೂರು ಅಳತೆಯಲ್ಲಿ ಇರುತ್ತವೆ. ಜನ ಹಾಕಿಕೊಂಡು ಬಂದದ್ದನ್ನೇ ಬಳಸಿ, ಉಳಿದದ್ದನ್ನು ಎಸೆಯುತ್ತಾರೆ. ಅಲ್ಲೇ ಅರ್ಧ ದುಡ್ಡು ಹೋಯಿತು. ವೈರನ್ನು ಕಿವಿಯ ಮೇಲಿಂದ ಹಿಂದಕ್ಕೆ ತಾ. ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಮೆಲ್ಲಗೆ ಎಳೆ. ತೂತು ನೇರವಾಗುತ್ತದೆ. ಆಗ ತುದಿಯನ್ನು ಒಳಗೆ ಕೂರಿಸಿ ಕಿವಿ ಬಿಡು. ಹೊರಗಿನ ಫ್ಯಾನಿನ ಸದ್ದು ಸಟ್ಟನೆ ಸಣ್ಣದಾಗಬೇಕು. ಈಗ ತಂಬೂರಿ ಹಾಕು. ನಾಲ್ಕನೆಯ ತಂತಿ ಖರ್ಜದ್ದು, ಅಂದರೆ ಕೆಳಗಿನ ‘ಸ’, ಅಲ್ವಾ? ಅದು ತುಂಬಿಕೊಂಡು ಕೇಳಿದರೆ ತುದಿ ಸರಿಯಾಗಿ ಕೂತಿದೆ. ತಂಬೂರಿಯ ನಡುವಿನ ಜೋಡಿ ತಂತಿಗಳು ಮಾತ್ರ ಝಣಝಣ ಅಂದು ಖರ್ಜ ಸೊರಗಿದ್ದರೆ ಸಂದಿಯಿಂದ ಗಾಳಿ ಹೋಗುತ್ತಿದೆ, ದೊಡ್ಡ ತುದಿ ಹಾಕು. ಎರಡೂ ಕಿವಿ ಒಂದೇ ಅಳತೆ ಇರಬೇಕೆಂದಿಲ್ಲ. ನನ್ನ ಮಗಳಿಗೆ ಬಲಕ್ಕೆ ನಡುವಿನದು, ಎಡಕ್ಕೆ ಸಣ್ಣದು.

ಕಡೆಯದಾಗಿ ಒಂದು, ಇದನ್ನು ಹಾಡುವವರಿಗೆ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಎರಡೂ ಕಿವಿ ಮುಚ್ಚಿಕೊಂಡು ಹಾಡಿದರೆ ನಿನ್ನ ದನಿ ತಲೆಬುರುಡೆಯೊಳಗೇ ಗುಂಯ್ ಅನ್ನುತ್ತದೆ. ಬೆರಳಿನಿಂದ ಕಿವಿ ಮುಚ್ಚಿ ‘ಮ್‌’ ಅಂದು ನೋಡು, ತಿಳಿಯುತ್ತದೆ. ಹಾಗೆ ಹಾಡಿದರೆ ಶ್ರುತಿ ಅಂದಾಜು ಸಿಗುವುದಿಲ್ಲ. ರಿಯಾಜಿಗೆ ಒಂದೇ ಕಿವಿಗೆ ತಂಬೂರಿ ಹಾಕಿಕೋ, ಇನ್ನೊಂದು ಕಿವಿ ತೆರೆದಿರಲಿ. ಫೋನಿನ ಆ್ಯಕ್ಸೆಸಿಬಿಲಿಟಿ ಸೆಟ್ಟಿಂಗಿನಲ್ಲಿ ಮೋನೋ ಆಡಿಯೋ ಅಂತ ಇರುತ್ತದೆ. ಅದನ್ನು ಒತ್ತಿದರೆ ಎರಡೂ ಕಡೆಯ ಸದ್ದು ಒಂದೇ ಕಿವಿಗೆ ಬರುತ್ತದೆ. ಪಾಠ ಕೇಳುವಾಗ ಮಾತ್ರ ಎರಡೂ ಹಾಕಿಕೋ.

ಪ್ರಶ್ನೆ: ದಿನಾ ಶಿರಸಿಯಿಂದ ಕುಮಟೆಗೆ ಬಸ್ಸಿನಲ್ಲಿ ಓಡಾಡುತ್ತೇನೆ. ದೇವಿಮನೆ ಘಟ್ಟದಲ್ಲಿ ಎಂಜಿನ್ ಸದ್ದಿಗೆ ಏನೂ ಕೇಳುವುದಿಲ್ಲ, ವಾಲ್ಯೂಮ್ ಪೂರ್ತಿ ಇಡುತ್ತೇನೆ. ಸದ್ದು ಜೋರಾಗಿ ಬರುವ ಹೆಡ್‌ಫೋನ್ ಯಾವುದು?
– ಬ್ಯಾಂಕ್ ನೌಕರ, ಶಿರಸಿ

ಉತ್ತರ: ತಮ್ಮಾ, ಜೋರಾಗಿ ಬರುವುದನ್ನು ನಾನು ಹೇಳುವುದಿಲ್ಲ. ಹೊರಗಿನ ಸದ್ದು ತಡೆಯುವುದನ್ನು ಹೇಳುತ್ತೇನೆ. ಮೇಲೆ ಬರೆದ ಹಾಗೆ ಸರಿಯಾಗಿ ಕೂತ ರಬ್ಬರ್ ತುದಿಯೇ ದೊಡ್ಡ ತಡೆ. ಫೋಮ್ ತುದಿ ಅಂತ ಸಿಗುತ್ತದೆ. ಬೆರಳಲ್ಲಿ ಹೊಸಕಿ ಸಣ್ಣ ಮಾಡಿ ಕಿವಿಗೆ ಇಟ್ಟರೆ ಒಳಗೆ ಉಬ್ಬಿಕೊಂಡು ಕೂರುತ್ತದೆ. ಎಂಜಿನ್ನಿನ ಸದ್ದು ಇನ್ನೂ ಕಡಿಮೆಯಾಗುತ್ತದೆ. ಆಗ ಅರ್ಧ ವಾಲ್ಯೂಮಿನಲ್ಲೇ ಹಾಡು ಕೇಳುತ್ತದೆ. ತುದಿಯಿಲ್ಲದ, ಕಿವಿಯಲ್ಲಿ ಸುಮ್ನೆ ತೂಗಾಡುವ ಇಯರ್‌ಫೋನು ಬಸ್ಸಿಗೆ ಬೇಡವೇ ಬೇಡ. ರಸ್ತೆ ದಾಟುವಾಗ ಮಾತ್ರ ತೆಗೆದುಬಿಡು.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಹೀಗಿದೆ: 80 ಡೆಸಿಬಲ್ ಆದರೆ ವಾರಕ್ಕೆ 40 ಗಂಟೆ ಕೇಳಬಹುದು. 90 ಆದರೆ ವಾರಕ್ಕೆ ನಾಲ್ಕೇ ಗಂಟೆ. ಪೂರ್ತಿ ವಾಲ್ಯೂಮಿನಲ್ಲಿ ಹೋಗಿ ಬರುವಷ್ಟರಲ್ಲಿ ನಿನ್ನ ನಾಲ್ಕು ಗಂಟೆ ಎರಡೇ ದಿನಕ್ಕೆ ಮುಗಿದಿರುತ್ತದೆ.

ನಾನು ಹುಡುಗನಾಗಿದ್ದಾಗ ರಾತ್ರಿಯಿಡೀ ಸ್ಪೀಕರಿನ ಪಕ್ಕದಲ್ಲೇ ಕೂತು ಮೈಕ್ ನೋಡಿಕೊಳ್ಳುತ್ತಿದ್ದೆ. ಸ್ಪೀಕರು ಯಾವಾಗಲೂ ಎಡಕ್ಕೆ. ಬೆಳಿಗ್ಗೆ ಆ ಕಿವಿಯಲ್ಲಿ ಕುಂಯ್ ಅನ್ನುತ್ತಿತ್ತು, ಮಧ್ಯಾಹ್ನ ಸರಿಹೋಗುತ್ತಿತ್ತು. ಒಂದು ವರ್ಷ ಸರಿಹೋಗಲಿಲ್ಲ. ಈಗ ಮಳೆಗಾಲದ ರಾತ್ರಿ ತೋಟದಲ್ಲಿ ನಿಂತರೆ ಜೀರುಂಡೆಗಳು ಬಲಕ್ಕೆ ಮಾತ್ರ ಕೂಗುತ್ತವೆ. ಡಾಕ್ಟರು ಇದು ವಾಪಸ್ ಬರುವುದಿಲ್ಲ ಅಂದರು. ಯಾವ ಇಯರ್‌ಫೋನು ಬಂದರೂ ಎಡಬಲ ಅದಲು ಬದಲು ಮಾಡಿ ಬಲಗಿವಿಯಲ್ಲೇ ಕೇಳುತ್ತೇನೆ. ಮೇಲಿನ ಸ್ವರಗಳಿಗೆ ಮಗಳ ಕಿವಿಯನ್ನು ನಂಬುತ್ತೇನೆ. ಹಾಗಾಗಿ ಬೇಡಿಕೊಳ್ಳುತ್ತೇನೆ, ಬಸ್ಸಿನಿಂದ ಇಳಿದ ಮೇಲೆ ಕಿವಿ ಕುಂಯ್ ಅಂದರೆ ಆ ವಾರ ಕೇಳುವುದನ್ನೇ ನಿಲ್ಲಿಸು. ಆ ಕುಂಯ್ ಸದ್ದು ನಿಲ್ಲದಿದ್ದರೆ ಕಿವಿ ಡಾಕ್ಟರ ಹತ್ತಿರ ಹೋಗು.

ಪ್ರಶ್ನೆ: ಹೊಸ ಫೋನಿನಲ್ಲಿ ಇಯರ್‌ಫೋನಿನ ತೂತೇ ಇಲ್ಲ. ವೈರಿನದ್ದು ಹೇಗೆ ಹಾಕಲಿ?
– ಓದುಗ, ಅಂಕೋಲಾ

ಉತ್ತರ: ಚಾರ್ಜಿಂಗ್ ತೂತಿಗೆ ಹಾಕುವ ಟೈಪ್-ಸಿ ಕನೆಕ್ಟರು ಸಿಗುತ್ತದೆ. ಕೊಳ್ಳುವಾಗ ‘ಡ್ಯಾಕ್ ಇದೆಯಾ’ ಅಂತ ಕೇಳಿ. ಫೋನಿನ ಅಂಕಿಗಳನ್ನು ಸದ್ದಾಗಿ ಬದಲಾಯಿಸುವ ಚಿಪ್ ಅದು. ಅದಿಲ್ಲದ ಅಗ್ಗದ ಕನೆಕ್ಟರು ಕೆಲವೇ ಫೋನುಗಳಲ್ಲಿ ಕೆಲಸ ಮಾಡುತ್ತದೆ. ಅಂಗಡಿಯಲ್ಲೇ ನಿಮ್ಮ ಫೋನಿಗೆ ಹಾಕಿ ಕೇಳಿ, ಆಮೇಲೆ ದುಡ್ಡು ಕೊಡಿ.

ಪ್ರಶ್ನೆ: ನಮ್ಮ ಮನೆ ಕಾರವಾರದ ಕೋಡಿಬಾಗದಲ್ಲಿ, ಸಮುದ್ರಕ್ಕೆ ಹತ್ತಿರ. ಯಾವ ಇಯರ್‌ಫೋನ್ ತಂದರೂ ಆರು ತಿಂಗಳಿಗೆ ಒಂದು ಕಡೆ ಸದ್ದು ಸಣ್ಣಗಾಗುತ್ತದೆ. ಉಪ್ಪುಗಾಳಿಯೇ ಕಾರಣವೇ? ಪಿಂಚಣಿ ದುಡ್ಡಿನಲ್ಲಿ ಪದೇ ಪದೇ ತರಲು ಆಗುವುದಿಲ್ಲ.
– ನಿವೃತ್ತ ಶಿಕ್ಷಕಿ, ಕಾರವಾರ

ಉತ್ತರ: ಅಕ್ಕೋರೇ, ಹೊಸದು ತರುವ ಮೊದಲು ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿ ನೋಡಿ. ಸಣ್ಣ ಸದ್ದು ಅದರ ಜೊತೆಗೇ ಆಚೆ ಕಿವಿಗೆ ಹೋದರೆ ದೋಷ ಇಯರ್‌ಫೋನಿನದು. ಅದೇ ಕಿವಿಯಲ್ಲಿ ಉಳಿದರೆ ಕಿವಿಯಲ್ಲಿ ಗುಗ್ಗೆ ಕಟ್ಟಿರಬಹುದು, ಡಾಕ್ಟರಿಗೆ ತೋರಿಸಿ.

ದೋಷ ಇಯರ್‌ಫೋನಿನದೇ ಆದರೆ ರಬ್ಬರ್ ತುದಿ ಕಳಚಿ, ಬಾಯಿಯ ಸಣ್ಣ ಜಾಲರಿಯನ್ನು ಭೂತಗನ್ನಡಿಯಲ್ಲಿ ನೋಡಿ. ಜೇನುಮೇಣದ ಬಣ್ಣದ ಗುಗ್ಗೆಯ ಪದರ ಕಾಣುತ್ತದೆ. ನನ್ನ ಮೇಜಿಗೆ ‘ಒಂದು ಕಡೆ ಹೋಯಿತು’ ಅಂತ ಬರುವವುಗಳಲ್ಲಿ ಎಷ್ಟೋ ಇದೇ ಆಗಿರುತ್ತವೆ. ಜಾಲರಿ ಕೆಳಮುಖ ಮಾಡಿ ಹಿಡಿದು, ಒಣ ಮೆತ್ತನೆ ಬ್ರಷ್ಷಿನಿಂದ ಮೆಲ್ಲಗೆ ಉಜ್ಜಿ. ಉದುರಿದ್ದು ಕೆಳಗೆ ಬೀಳಬೇಕು, ಒಳಗೆ ಹೋಗಬಾರದು. ಸೂಜಿ ಹಾಕಬೇಡಿ, ನೀರೂ ಬೇಡ. ಮೊದಲ ಉತ್ತರದಲ್ಲಿ ಹೇಳಿದ ಚು 2ರಲ್ಲಿ ಆ ಬಾಯಿಯನ್ನೇ ತಿರುಗಿಸಿ ಬಿಚ್ಚಿ ಬದಲಾಯಿಸಬಹುದು. ನಿಮಗೂ ಅದು ಒಳ್ಳೆಯದು.

ಉಪ್ಪುಗಾಳಿಯ ತಪ್ಪೂ ಇದೆ. ಕರಾವಳಿಯ ಇಯರ್‌ಫೋನಿನ ವೈರು ಸುಲಿದರೆ ಒಳಗಿನ ತಾಮ್ರದ ಎಳೆ ಹಸಿರುಗಟ್ಟಿರುತ್ತದೆ. ಪಿನ್ನಿನ ಬುಡದಲ್ಲಿ ಮಡಚಿ ಬಿರುಕು ಬಿಟ್ಟ ಕಡೆಯಿಂದ ತೇವ ಒಳಗಿಳಿಯುತ್ತದೆ. ಫೋನಿಗೆ ಸುತ್ತಿ ಬಿಗಿಯಬೇಡಿ. ಮೂರು ಬೆರಳಿಗೆ ಸಡಿಲವಾಗಿ ಸುತ್ತಿ, ಬಿಗಿ ಮುಚ್ಚಳದ ಸಣ್ಣ ಸ್ಟೀಲ್ ಡಬ್ಬಿಯಲ್ಲಿಡಿ. ಹೊಸ ಚಪ್ಪಲಿ ಡಬ್ಬಿಯಲ್ಲಿ ತೇವ ಹೀರುವ ಬಿಳಿ ಪೊಟ್ಟಣ ಬರುತ್ತದಲ್ಲ, ಅಂಥದ್ದು ಎರಡು ಜೊತೆಗೆ ಹಾಕಿ. ತಲೆಗೆ ಹಾಕುವ ದೊಡ್ಡ ಹೆಡ್‌ಫೋನ್ ನಮ್ಮ ಕಡೆಯ ಹವೆಗೆ ಅಷ್ಟು ಆಗುವುದಿಲ್ಲ. ಪ್ಯಾಡಿನ ನಕಲಿ ಚರ್ಮ ತೇವಕ್ಕೆ ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ, ಕೆನ್ನೆಗೆಲ್ಲ ಕಪ್ಪು ಚೂರು ಅಂಟುತ್ತದೆ.

ಈಗ ಹಾಳಾಗಿರುವವನ್ನು ಎಸೆದಿಲ್ಲ ತಾನೇ? ಪಿನ್ನಿನ ಬುಡ ಅಲುಗಾಡಿಸಿದಾಗ ಸದ್ದು ಬಂದು ಹೋಗಿ ಮಾಡಿದರೆ ವೈರು ಅಲ್ಲೇ ತುಂಡಾಗಿದೆ. ಹತ್ತಿರದ ರಿಪೇರಿಯವರಿಗೆ ಕೊಡಿ. ಎರಡು ಇಂಚು ಕತ್ತರಿಸಿ ಹೊಸ ಪಿನ್ ಬೆಸೆದು ಕೊಡುತ್ತಾರೆ. ಆ ಎಳೆಗಳ ಮೇಲೆ ಬಣ್ಣದ ಲೇಪ ಇರುತ್ತದೆ, ಅದನ್ನು ಸುಟ್ಟು ತೆಗೆಯದೆ ಬೆಸುಗೆ ಹಿಡಿಯುವುದಿಲ್ಲ. ಅದನ್ನೊಂದು ನೆನಪಿಸಿ.