ಟಾರ್ಪಾಲಿನ ಕಂಬ ಗದ್ದೆಗೆ ಇಳಿಯುತ್ತೆ, ಏನು ಮಾಡಲಿ?

ಪ್ರಶ್ನೆ: ಡಿಸೆಂಬರ್ ರಜೆಯಲ್ಲಿ ಮಕ್ಕಳ ಜೊತೆ ತೀರ್ಥಹಳ್ಳಿ ಕಡೆ ಅಣ್ಣನ ಗದ್ದೆಯಲ್ಲಿ ಎರಡು ರಾತ್ರಿ ಉಳಿದಿದ್ದೆವು. ಕೊಯ್ಲು ಮುಗಿದಿತ್ತು. ಹನ್ನೆರಡು ಅಡಿ ಟಾರ್ಪಾಲು, ಆರಡಿಯ ನಾಲ್ಕು ಕಬ್ಬಿಣದ ಪೈಪು. ಸಂಜೆ ಬಿಗಿಯಾಗಿ ಕಟ್ಟಿದ್ದು ಬೆಳಗಾಗುವಾಗ ಜೋಲು ಬಿದ್ದಿತ್ತು. ಪೈಪು ಅರ್ಧ ಅಡಿ ಒಳಗೆ! ಮಾರನೇ ದಿನ ಅಡಿಗೆ ಇಟ್ಟಿಗೆ ಕೊಟ್ಟೆ. ಗಾಳಿ ಬಂದಾಗ ಪೈಪು ಜಾರಿ ಎಲ್ಲಾ ಮಗುಚಿತು. ಸರಿಯಾದ ಉಪಾಯ ಏನು?
— ಓದುಗರು, ಶಿವಮೊಗ್ಗ

ಉತ್ತರ: ಟಾರ್ಪಾಲು ತೂಗುವುದು ಎರಡೋ ಮೂರೋ ಕೆಜಿ. ಅಷ್ಟಕ್ಕೆ ಪೈಪು ಇಳಿಯಲ್ಲ. ಇಳಿಸಿದ್ದು ನಿಮ್ಮ ಹಗ್ಗ.

ಹಗ್ಗ ಓರೆಯಾಗಿ ಗೂಟದ ಕಡೆ ಎಳೆಯುತ್ತೆ. ಆ ಎಳೆತದ ಒಂದು ಪಾಲು ಕಂಬವನ್ನು ಕೆಳಗೆ ಒತ್ತುತ್ತೆ. ಗೂಟ ಕಂಬದ ಬುಡಕ್ಕೆ ಹತ್ತಿರ ಇದ್ದಷ್ಟೂ ಒತ್ತಡ ಜಾಸ್ತಿ. ಜೋಲಿತು ಅಂತ ಬಿಗಿ ಮಾಡುತ್ತೀರಿ, ಕಂಬ ಇನ್ನಷ್ಟು ಇಳಿಯುತ್ತೆ, ಮತ್ತೆ ಜೋಲುತ್ತೆ. ನನ್ನ ಮೊದಲ ಸ್ಕೌಟ್ ಕ್ಯಾಂಪಿನಲ್ಲಿ ಟಾರ್ಚ್ ಹಿಡಿದು ರಾತ್ರಿಯೆಲ್ಲಾ ಇದನ್ನೇ ಮಾಡಿದೆ. ಬೆಳಗ್ಗೆ ಟಾರ್ಪಾಲು ನನ್ನ ಮೂಗಿಗೆ ತಾಗುತ್ತಿತ್ತು. ಹುಡುಗರು ಮಾತ್ರ ಗಡದ್ದಾಗಿ ಮಲಗಿದ್ದರು.

ಗದ್ದೆ ನೆಲ ಮೋಸದ್ದು. ಮೇಲೆ ಬಿರುಕು ಬಿಟ್ಟು ಒಣಗಿದ ಹಾಗೆ ಕಂಡರೂ ನಾಲ್ಕು ಬೆರಳು ಕೆಳಗೆ ಹಸಿ ಇರುತ್ತೆ. ನಿಮ್ಮ ಪೈಪು ಅರ್ಧ ಅಡಿಗೆ ನಿಂತದ್ದು ಬಹುಶಃ ಅದರಡಿಯ ಗಟ್ಟಿ ಪದರಕ್ಕೆ. ವರ್ಷಗಟ್ಟಲೆ ಉತ್ತು ಕೆಸರು ಮಾಡಿದ ಗದ್ದೆಯಲ್ಲಿ ಉಳುಮೆ ಮುಟ್ಟುವ ಆಳಕ್ಕಿಂತ ಕೆಳಗೆ ಇಂಥ ಪದರ ಕೂತಿರುತ್ತೆ. ನೀರು ನಿಲ್ಲುವುದೂ ಅದರಿಂದಲೇ ಅಲ್ವಾ? ಕಂಬ ನಿಲ್ಲಿಸುವ ಮೊದಲು ಹಿಮ್ಮಡಿ ಊರಿ ನೋಡಿ. ಹಿಮ್ಮಡಿ ಒಂದು ಬೆರಳು ಇಳಿದರೆ ಕಂಬಕ್ಕೆ ಹಲಗೆ ಬೇಕೇ ಬೇಕು.

ಎರಡು ಸೆಂಟಿಮೀಟರ್ ದಪ್ಪದ ಪೈಪಿನ ಬುಡ ನೆಲಕ್ಕೆ ತಾಗುವುದು ಮೂರು ಚದರ ಸೆಂಟಿಮೀಟರಿನಷ್ಟು. ಅದೇ 15 ಸೆಂಟಿಮೀಟರ್ ಚೌಕದ ಹಲಗೆ ಇಟ್ಟರೆ 225. ಒತ್ತಡ 70 ಪಟ್ಟು ಹರಡಿಕೊಳ್ಳುತ್ತೆ. ಒಂದು ಇಂಚು ದಪ್ಪದ ಮರದ ತುಂಡು ಸಾಕು. ತೆಳು ಪ್ಲೈವುಡ್ ಆದರೆ ನಡುವೆ ಬಗ್ಗುತ್ತೆ, ಸುಮ್ನೆ.

ನಿಮ್ಮ ಇಟ್ಟಿಗೆ ಸೋತದ್ದು ಎರಡು ಕಾರಣಕ್ಕೆ. ಒಂದು, ಅದನ್ನು ಕೂಳೆ (ಕೊಯ್ದ ಮೇಲೆ ಉಳಿದ ಪೈರಿನ ಬುಡ) ಮೇಲೇ ಇಟ್ಟಿರಬೇಕು, ಅಲ್ಲಾಡಿತು. ಕೂಳೆ ಕಿತ್ತು, ಎರಡು ಬೆರಳು ಮಣ್ಣು ಕೆರೆದು, ಹಲಗೆ ಕೂರಿಸಿ ಅದರ ಮೇಲೆ ನಿಂತು ತುಳಿಯಬೇಕು. ಇನ್ನೊಂದು, ಪೈಪಿಗೆ ಹಿಡಿತ ಇರಲಿಲ್ಲ. ಇದಕ್ಕೆ ನನ್ನ ಮದ್ದು ಹಳೇ ಹವಾಯಿ ಚಪ್ಪಲಿ. ನಗಬೇಡಿ. ಹಲಗೆ ಮೇಲೆ ಚಪ್ಪಲಿ, ಅದರ ಹಿಮ್ಮಡಿ ಭಾಗದ ಮೇಲೆ ಪೈಪು. ಪೈಪಿನ ಅಂಚು ರಬ್ಬರಿನಲ್ಲಿ ಬಳೆಯ ಹಾಗೆ ಅಚ್ಚು ಒತ್ತಿ ಕೂರುತ್ತೆ, ಜಾರಲ್ಲ. ಚಪ್ಪಲಿ ಒಂದನ್ನೇ ಇಟ್ಟರೆ ಅದು ಮಡಚಿಕೊಂಡು ಕೆಸರಿಗೆ ಹೋಗುತ್ತೆ. ಅದನ್ನೂ ಮಾಡಿ ನೋಡಿದ್ದೇನೆ, ಒಂಟಿ ಚಪ್ಪಲಿಯಲ್ಲಿ ಮನೆಗೆ ಬಂದಿದ್ದೇನೆ. ಕಂಬದ ತುದಿಯಲ್ಲಿ ಮೊಳೆ ಇದ್ದರೆ ಚಪ್ಪಲಿ ಬೇಡ, ಹಲಗೆ ನಡುವೆ ಮೊಳೆ ಕೂರುವಷ್ಟು ತೂತು ಕೊರೆಯಿರಿ.

ಇನ್ನು ಹಗ್ಗ. ಆರಡಿ ಕಂಬಕ್ಕೆ ಗೂಟ ಬುಡದಿಂದ ಕಡಿಮೆ ಅಂದರೂ ಆರಡಿ ದೂರ, ಎಂಟಾದರೆ ಇನ್ನೂ ಒಳ್ಳೆಯದು. ವೀಣೆ ತಂತಿಯ ಹಾಗೆ ಬಿಗಿಯಬೇಡಿ. ನೈಲಾನ್ ಹಗ್ಗ ಒದ್ದೆಯಾದರೆ ಸಡಿಲ ಆಗುತ್ತೆ, ಮಲಗುವ ಮುಂಚೆ ಒಂದು ಸಲ ನೋಡಿದರೆ ಸಾಕು. ಹತ್ತಿ ಹಗ್ಗ ಉಲ್ಟಾ, ಒದ್ದೆಯಾದರೆ ಬಿಗಿಯುತ್ತೆ. ಅದನ್ನು ಮೊದಲೇ ಸ್ವಲ್ಪ ಸಡಿಲ ಬಿಡಿ. ಮೆತ್ತನೆ ಮಣ್ಣಿನಲ್ಲಿ ಗೂಟ ಕಿತ್ತು ಬಂದರೆ ಮೊಳ ಉದ್ದದ ಕಟ್ಟಿಗೆ ತುಂಡಿನ ನಡುವಿಗೆ ಹಗ್ಗ ಕಟ್ಟಿ, ಒಂದಡಿ ಆಳದಲ್ಲಿ ಅಡ್ಡ ಮಲಗಿಸಿ ಮಣ್ಣು ತುಳಿದುಬಿಡಿ. ಮರಳಿನಲ್ಲೂ ಇದೇ ಉಪಾಯ, ಆಳ ಇನ್ನಷ್ಟು ಬೇಕು. ಆದರೆ ಅಣೆಕಟ್ಟಿನ ಕೆಳಗಿನ ಹೊಳೆಯ ಮರಳಿನಲ್ಲಿ ಟೆಂಟ್ ಬೇಡವೇ ಬೇಡ. ನೀರು ಬಿಟ್ಟರೆ ಹಲಗೆಯೂ ಇಲ್ಲ, ಚಪ್ಪಲಿಯೂ ಇಲ್ಲ.

ಟಾರ್ಪಾಲಿನ ಒಂದು ಮೂಲೆ ಒಂದಡಿ ತಗ್ಗಿರಲಿ. ಮಳೆ ಬಂದು ನಡುವೆ ಒಂದು ಬಕೆಟ್ ನೀರು ನಿಂತರೂ ಹದಿನೈದು ಕೆಜಿ ಭಾರ. ಅದು ಹಗ್ಗಗಳನ್ನೂ ಜಗ್ಗುತ್ತೆ.

ಹೊರಡುವಾಗ ಹಲಗೆ ನೇರ ಎಳೆದರೆ ಕೆಸರು ಬಿಡಲ್ಲ. ಒಂದು ಅಂಚು ಎತ್ತಿ, ಗಾಳಿ ಒಳಗೆ ಹೋದರೆ ಎದ್ದು ಬರುತ್ತೆ. ಗೂಟ ಎಣಿಸಿಕೊಳ್ಳಿ. ಒಂದು ಉಳಿದು ಅಣ್ಣನ ಟಿಲ್ಲರಿಗೆ ಸಿಕ್ಕರೆ ಮುಂದಿನ ಡಿಸೆಂಬರಿಗೆ ನೀವು ಬೇರೆ ಗದ್ದೆ ಹುಡುಕಬೇಕಾಗುತ್ತೆ.