ತೊಡೆ ಮೂಳೆಗೆ ನಾಟಿ ಕಟ್ಟು ಸಾಕೇ, ರಾಡ್ ಹಾಕಿಸಲೇಬೇಕೇ?

ತಮ್ಮನಿಗೆ ಮೂವತ್ತು ವರ್ಷ, ಬೈಕಿನಿಂದ ಬಿದ್ದು ತೊಡೆ ಮೂಳೆ ನಡುವೆ ಮುರಿದಿದೆ, ವೈದ್ಯರು ರಾಡ್ ಹಾಕಬೇಕೆನ್ನುತ್ತಾರೆ, ಮನೆಯ ಹಿರಿಯರು ನಾಟಿ ಕಟ್ಟು ಸಾಕೆನ್ನುತ್ತಾರೆ, ಏನು ಮಾಡಲಿ ಎಂದು ಕೇಳಿದ್ದೀರಿ. ನಾನು ವೈದ್ಯನಲ್ಲ. ಆದರೆ ನನ್ನ ಎಡ ತೊಡೆಯೊಳಗೆ ಆರು ವರ್ಷದಿಂದ ರಾಡ್ ಇದೆ, ಅದಕ್ಕೂ ಮೊದಲು ನಾಟಿ ಕಟ್ಟೂ ಆಗಿತ್ತು. ರಾಡ್ ಹಾಕಿಸಿ.

ಪಾಂಡವಪುರದ ಕಡೆ, ವಿ.ಸಿ. ನಾಲೆ ಏರಿಯ ಮೇಲೆ, ಹಿಂದೀಪವಿಲ್ಲದೆ ನಿಂತಿದ್ದ ಕಬ್ಬಿನ ಟ್ರೈಲರ್‌ಗೆ ಗುದ್ದಿದ್ದೆ. ದೊಡ್ಡಪ್ಪ ನೇರವಾಗಿ ಕಟ್ಟು ಕಟ್ಟುವವರ ಬಳಿಗೆ ಕರೆದೊಯ್ದರು. ಬಿದಿರು ದಬ್ಬೆ, ಮೊಟ್ಟೆಯ ಬಿಳಿ, ಸೊಪ್ಪಿನ ರಸ, ಬಿಗಿಯಾಗಿ ಸುತ್ತಿದ ಬಟ್ಟೆ. ನಾಲ್ಕನೇ ದಿನ ಎಕ್ಸ್‌ರೇ ತೆಗೆಸಿದರೆ ಮುರಿದ ತುದಿಗಳು ಎರಡು ಬೆರಳಿನಷ್ಟು ಸರಿದು ಪಕ್ಕಪಕ್ಕದಲ್ಲಿ ಮಲಗಿದ್ದವು. ಕೈ ಮುರಿದಾಗ ನಾಟಿ ಕಟ್ಟಿನಿಂದ ಗುಣವಾದವರು ನಮ್ಮೂರಲ್ಲೂ ಇದ್ದಾರೆ, ಇಲ್ಲವೆನ್ನುವುದಿಲ್ಲ. ತೊಡೆಯ ವಿಷಯ ಬೇರೆ. ದೇಹದಲ್ಲೇ ದೊಡ್ಡ ಮೂಳೆ, ಸುತ್ತಲೂ ಬಲವಾದ ಸ್ನಾಯುಗಳು. ಮೂಳೆ ಮುರಿದ ಕೂಡಲೇ ಅವು ಸೆಟೆದುಕೊಂಡು ಕೆಳಗಿನ ತುಂಡನ್ನು ಮೇಲಕ್ಕೆಳೆಯುತ್ತವೆ. ಅಷ್ಟು ಮಾಂಸದ ಹೊರಗಿನಿಂದ ಎಷ್ಟು ಬಿಗಿದರೂ ಹಿಡಿತ ಸಿಗದು. ಹಾಗೆಯೇ ಕೂಡಿಕೊಂಡರೆ ಕಾಲು ಗಿಡ್ಡ. ಒಳಗೊಳಗೇ ಒಂದು ಲೀಟರಿಗೂ ಮೀರಿ ರಕ್ತ ಸೋರಬಹುದು, ಮಜ್ಜೆಯ ಕೊಬ್ಬು ರಕ್ತಕ್ಕೆ ಸೇರಿ ಶ್ವಾಸಕೋಶಕ್ಕೆ ಹೋಗುವ ಅಪಾಯವೂ ಉಂಟು. ವೈದ್ಯರು ಆತುರಪಡಿಸುವುದು ಅದಕ್ಕೇ.

ತೊಡೆಯನ್ನು ಉದ್ದಕ್ಕೂ ಸೀಳುತ್ತಾರೆಂದು ನಮ್ಮ ಅಮ್ಮ ನಡುಗಿದ್ದರು. ನನಗಿರುವುದು ಸೊಂಟದ ಪಕ್ಕ ಒಂದು ಸಣ್ಣ ಗಾಯದ ಗುರುತು, ಸ್ಕ್ರೂ ಹಾಕಿದಲ್ಲಿ ಇನ್ನೂ ಮೂರು ನಾಲ್ಕು, ಅಷ್ಟೇ. ಮೂಳೆಯ ನಡುವೆ ಮಜ್ಜೆ ತುಂಬಿದ ಟೊಳ್ಳಿದೆಯಲ್ಲ, ಅದರೊಳಗೆ ರಾಡ್ ಇಳಿಸಿ, ಮೇಲೂ ಕೆಳಗೂ ಅಡ್ಡ ಸ್ಕ್ರೂ ಹಾಕಿ, ಜಾರದಂತೆ ತಿರುಗದಂತೆ ನಿಲ್ಲಿಸುತ್ತಾರೆ. ಮುರಿದ ಜಾಗವನ್ನು ಸಾಮಾನ್ಯವಾಗಿ ತೆರೆಯುವುದೇ ಇಲ್ಲ, ಎಕ್ಸ್‌ರೇ ಪರದೆ ನೋಡಿಕೊಂಡೇ ಕೆಲಸ. 1939ರಲ್ಲಿ ಜರ್ಮನಿಯ ಗೆರ್ಹಾರ್ಡ್ ಕುಂಟ್ಷರ್ ಹಾಕಿಕೊಟ್ಟ ದಾರಿ. ಅದಕ್ಕೆ ಮುಂಚೆ ಕಾಲಿಗೆ ತೂಕ ಕಟ್ಟಿ ವಾರಗಟ್ಟಲೆ ಮಲಗಿಸುತ್ತಿದ್ದರು. ನನಗೆ ಎರಡೇ ದಿನ ಕಟ್ಟಿದ್ದಕ್ಕೆ ಸಾಕುಸಾಕಾಗಿತ್ತು. ಬೆನ್ನಿಗೆ ಅರಿವಳಿಕೆ ಕೊಟ್ಟಿದ್ದರಿಂದ ನೋವಿರಲಿಲ್ಲ, ಸುತ್ತಿಗೆಯ ಸದ್ದು ಮಾತ್ರ ಕೇಳುತ್ತಿತ್ತು. ಗುದ್ದಲಿಗೆ ಕಾವು ಬಡಿಯುವಾಗಿನ ಸದ್ದೇ ಅದು. (ಮುರಿತ ಮಂಡಿಯ ಹತ್ತಿರವಿದ್ದರೆ ಪ್ಲೇಟ್ ಹಾಕುವುದುಂಟು.)

ನಿಜವಾದ ಕಷ್ಟ ಆಮೇಲೆ, ಅದೂ ಮಂಡಿಯದು. ಮರುದಿನವೇ ಫಿಸಿಯೋಥೆರಪಿಯ ಹುಡುಗಿ ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು, “ಇದನ್ನು ಒತ್ತಿ ಅಣ್ಣಾ, ಹತ್ತು ಎಣಿಸುವವರೆಗೆ” ಎಂದಳು. ಒತ್ತಬೇಕೆಂದು ಹಲ್ಲು ಕಚ್ಚಿದೆ, ತೊಡೆ ಅಲುಗಲಿಲ್ಲ. ನಾಲ್ಕು ದಿನ ಕಳೆದ ಮೇಲೆ ಟವೆಲ್ ಕೊಂಚ ತಗ್ಗಿತು. ಮನೆಗೆ ಬಂದವನೇ ಎಲ್ಲ ಬಿಟ್ಟೆ. ಬಂದ ನೆಂಟರೆಲ್ಲ ಕಾಲು ಸೂಪು ಕುಡಿಸಿ, “ಅಲುಗಾಡಿಸಬೇಡಪ್ಪ, ಕಬ್ಬಿಣ ಸಡಿಲವಾದೀತು” ಎಂದರು. ಮೂಳೆ ಐದು ತಿಂಗಳಿಗೆ ಕೂಡಿತು. ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತು ಉಣ್ಣಲು ಒಂದೂವರೆ ವರ್ಷ ಬೇಕಾಯಿತು.

ತಮ್ಮ ಬೀಡಿ ಸಿಗರೇಟು ಸೇದುತ್ತಿದ್ದರೆ ಇಂದೇ ಬಿಡಿಸಿ, ಮೂಳೆ ಕೂಡುವುದು ತಡವಾಗುತ್ತದೆ. ದುಡ್ಡಿನ ಚಿಂತೆಯಿದ್ದರೆ ಮಂಡ್ಯದ ಮಿಮ್ಸ್, ಮೈಸೂರಿನ ಕೆ.ಆರ್. ಆಸ್ಪತ್ರೆ ಎರಡೂ ಸರ್ಕಾರಿ ವೈದ್ಯಕೀಯ ಕಾಲೇಜಿನವು. ಬಿಪಿಎಲ್ ಕಾರ್ಡ್ ದಾಖಲಾಗುವಾಗಲೇ ತೋರಿಸಿ. ರಾಡ್ ಮತ್ತೆ ತೆಗೆಸಬೇಕೇ ಎಂದೂ ಕೇಳಿದ್ದೀರಿ. ತೊಂದರೆ ಕೊಡದಿದ್ದರೆ ಬೇಕಿಲ್ಲ, ನನ್ನದು ಒಳಗೇ ಇದೆ. ಮನೆಗೆ ಕಳುಹಿಸುವ ದಿನ ಮಾತ್ರ, ಯಾವತ್ತಿನಿಂದ ಕಾಲಿನ ಮೇಲೆ ಎಷ್ಟು ಭಾರ ಊರಬಹುದು ಎಂದು ವೈದ್ಯರಿಂದಲೇ ಚೀಟಿಯಲ್ಲಿ ಬರೆಸಿಕೊಳ್ಳಿ. ನೆಂಟರು ಬಂದಾಗ ತೋರಿಸಲು ಬೇಕಾಗುತ್ತದೆ.