ಹೊನ್ನಾವರದ ಕಡಲತೀರದಲ್ಲಿ ಟೆಂಟ್ ವಾಸ: ನೀರು ಮತ್ತು ಶೌಚದ ವ್ಯವಸ್ಥೆಯನ್ನು ಮೊದಲು ವಿಚಾರಿಸಿ

ನಮಸ್ಕಾರ. ಡಿಸೆಂಬರ್ ರಜೆಯಲ್ಲಿ ಇಬ್ಬರು ಮಕ್ಕಳೊಂದಿಗೆ ಹೊನ್ನಾವರದ ಸುತ್ತಮುತ್ತ ಸರಳವಾದ, ಪರಿಸರಸ್ನೇಹಿ ಟೆಂಟ್ ತಾಣವೊಂದರಲ್ಲಿ ಉಳಿಯಬೇಕೆಂದಿದ್ದೀರಿ, ಅಂಥ ತಾಣವನ್ನು ಆರಿಸುವುದು ಹೇಗೆಂದು ಕೇಳಿದ್ದೀರಿ. ಬಿದಿರಿನ ಚಪ್ಪರ, ಸೋಲಾರ್ ದೀಪಗಳ ಫೋಟೋ ನೋಡಿ ದಯವಿಟ್ಟು ನಿರ್ಧರಿಸಬೇಡಿ. ನೀರು ಎಲ್ಲಿಂದ ಬರುತ್ತದೆ, ಬಚ್ಚಲ ನೀರು ಮತ್ತು ಶೌಚ ಎಲ್ಲಿಗೆ ಹೋಗುತ್ತವೆ ಎಂಬುದನ್ನು ಮುಂಗಡ ಹಣ ಕೊಡುವ ಮೊದಲೇ ಫೋನಿನಲ್ಲಿ ವಿಚಾರಿಸಿ.

ಕಡಲಂಚಿನ ಮರಳು ನೆಲದಲ್ಲಿ ಮಳೆಗಾಲದಲ್ಲಿ ಇಂಗಿದ ಸಿಹಿನೀರು, ಉಪ್ಪುನೀರಿಗಿಂತ ಹಗುರವಾದ ಕಾರಣ, ಅದರ ಮೇಲೆ ತೆಳುವಾದ ಪದರವಾಗಿ ನಿಂತಿರುತ್ತದೆ. ಅಲ್ಲಿನ ಬಾವಿಗಳಲ್ಲಿ ಸಿಗುವುದು ಈ ಪದರದ ನೀರೇ. ಪಂಪು ಹಚ್ಚಿ ಮಿತಿಮೀರಿ ಎತ್ತಿದರೆ ಕೆಳಗಿನ ಉಪ್ಪುನೀರು ಮೇಲೇರಿ ಬಾವಿಯನ್ನು ಕೆಡಿಸುತ್ತದೆ; ನಾವು ಮೂರು ದಿನ ಇದ್ದು ಹೊರಟುಬಿಡುತ್ತೇವೆ, ನೆರೆಮನೆಯವರು ಮಾತ್ರ ಮುಂದಿನ ಮಳೆಗಾಲದವರೆಗೆ ಕಷ್ಟಪಡಬೇಕಾಗುತ್ತದೆ. ಮರಳಿನಲ್ಲಿ ಎಲ್ಲವೂ ಬೇಗ ಇಳಿಯುವುದರಿಂದ, ಶೌಚಗುಂಡಿ ಬಾವಿಗೆ ಹತ್ತಿರವಿದ್ದರೆ ಕೊಳಕು ನೀರು ಬಾವಿಯನ್ನು ಸೇರುವುದಕ್ಕೂ ಹೆಚ್ಚು ಸಮಯ ಬೇಕಾಗುವುದಿಲ್ಲ. ಆದ್ದರಿಂದ ಶವರ್ ಬದಲು ಬಕೆಟ್ಟು ಕೊಡುವ, ಬಚ್ಚಲ ನೀರನ್ನು ಬಾಳೆ ಮತ್ತು ತೆಂಗಿನ ಬುಡಕ್ಕೆ ಹರಿಸುವ, ನೀರು ಸುರಿಯದೆ ಹೊಟ್ಟು, ಬೂದಿ ಹಾಕಿ ಬಳಸುವ ಒಣ ಶೌಚಾಲಯ ಇಟ್ಟಿರುವ ತಾಣವೇ ನನ್ನ ದೃಷ್ಟಿಯಲ್ಲಿ ನಿಜಕ್ಕೂ ಪರಿಸರಸ್ನೇಹಿ. ಹಾಗಿರುವಲ್ಲಿ ಸಾಬೂನು, ಶಾಂಪೂ ಬಿಟ್ಟು ಕಡಲೆಹಿಟ್ಟು, ಸೀಗೆಪುಡಿ ಒಯ್ಯಿರಿ.

ಒಣ ಶೌಚಾಲಯದ ಬಗ್ಗೆ ಮಕ್ಕಳಿಗೆ ಮನೆಯಲ್ಲೇ ತಿಳಿಸಿಹೇಳಿ. ಬಳಸಿದ ಮೇಲೆ ಪ್ರತಿ ಸಲವೂ ಮರದ ಹೊಟ್ಟು, ಬೂದಿ ಅಥವಾ ತೆಂಗಿನ ನಾರಿನ ಪುಡಿಯನ್ನು ಧಾರಾಳವಾಗಿ ಹಾಕಬೇಕು. ಗುಂಡಿಗೆ ನೀರು ಬೀಳಬಾರದು, ಬಿದ್ದರೆ ವಾಸನೆ ಹುಟ್ಟುತ್ತದೆ. ತೊಳೆದುಕೊಳ್ಳಲು ಪ್ರತ್ಯೇಕ ಜಾಗವಿದೆಯೇ ಎಂಬುದನ್ನೂ ಕೇಳಿ.

ನೀವು ಹೋಗುವ ಕಾಲ ಆಲಿವ್ ರಿಡ್ಲೆ ಕಡಲಾಮೆಗಳು ಈ ತೀರದಲ್ಲಿ ಮೊಟ್ಟೆಯಿಡುವ ಕಾಲವೂ ಹೌದು. ಮರಿಗಳು ಬೆಳಕಿರುವ ದಿಕ್ಕನ್ನೇ ಸಮುದ್ರವೆಂದು ತಿಳಿದು ಸಾಗುವುದರಿಂದ, ದಂಡೆಯ ಮೇಲಿನ ದೀಪ ಮತ್ತು ಬೆಂಕಿ ಅವನ್ನು ದಾರಿ ತಪ್ಪಿಸಿ ಸಾಯಿಸುತ್ತವೆ. ರಾತ್ರಿ ಕ್ಯಾಂಪ್ ಫೈರ್ ಹಾಕಿಕೊಡುತ್ತೇವೆಂದು ಹೆಮ್ಮೆಯಿಂದ ಹೇಳುವವರನ್ನು ಬಿಟ್ಟುಬಿಡಿ. ಆಮೆ ಕಂಡರೆ ಟಾರ್ಚ್ ಆರಿಸಿ ದೂರ ನಿಂತು, ತಾಣದವರ ಮೂಲಕ ಅರಣ್ಯ ಇಲಾಖೆಗೆ ತಿಳಿಸಿ.

ಟೆಂಟನ್ನು ತೆಂಗಿನ ಮರದ ಕೆಳಗೆ ಹಾಕಿಸಿಕೊಳ್ಳಬೇಡಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಭರತದ (ಸಮುದ್ರದ ಉಬ್ಬರದ) ನೀರು ಹೆಚ್ಚು ಮೇಲೆ ಬರುತ್ತದೆ, ಆ ದಿನಗಳನ್ನು ಪಂಚಾಂಗದಲ್ಲಿ ನೋಡಿಕೊಳ್ಳಿ. ಸಡಿಲ ಮರಳಿನಲ್ಲಿ ಮಾಮೂಲಿ ಗೂಟ ನಿಲ್ಲದ ಕಾರಣ, ಚೀಲಕ್ಕೆ ಮರಳು ತುಂಬಿ ಹಗ್ಗ ಕಟ್ಟಿ ಹೂತರೆ ಗಟ್ಟಿಯಾಗಿರುತ್ತದೆ. ರಾತ್ರಿ ಇಬ್ಬನಿ ಜೋರಾಗಿರುತ್ತದೆ, ಬಟ್ಟೆಗಳನ್ನು ಹೊರಗೆ ಬಿಡಬೇಡಿ.

ಮಕ್ಕಳನ್ನು ನೀರಿಗಿಳಿಸುವುದಿದ್ದರೆ, ಸ್ವಚ್ಛತೆ, ಸುರಕ್ಷತೆಗಾಗಿ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆಯನ್ನು 2020ರಲ್ಲಿ ಪಡೆದ, ಹೊನ್ನಾವರದ ಬಳಿಯ ಕಾಸರಕೋಡು ಬೀಚಿಗೆ ಕರೆದೊಯ್ದು, ಜೀವರಕ್ಷಕರು ಇರುವ ಹೊತ್ತಿನಲ್ಲಿ ಮಾತ್ರ ಇಳಿಸಿ. ಅಲ್ಲಿಗೆ ಹತ್ತಿರದಲ್ಲೇ ಶರಾವತಿ ಹಿನ್ನೀರಿನ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನೊಳಗೆ ಮರದ ಹಲಗೆಯ ನಡಿಗೆದಾರಿಯಿದೆ, ಅದನ್ನು ಅವಶ್ಯವಾಗಿ ತೋರಿಸಿ. ಘಟ್ಟದ ಕಾಡಿಗೂ ಹೋಗುವ ಯೋಚನೆಯಿದ್ದರೆ, ಮಂಗನ ಕಾಯಿಲೆ ಹರಡುವ ಉಣುಗುಗಳಿಂದ ರಕ್ಷಿಸಿಕೊಳ್ಳಲು ಮೈತುಂಬ ಬಟ್ಟೆ ಧರಿಸಿ, ಮರಳಿದ ತಕ್ಷಣ ಮೈ ಪರೀಕ್ಷಿಸಿಕೊಂಡು ಬಿಸಿನೀರಿನಲ್ಲಿ ಸ್ನಾನ ಮಾಡಿ. ಪ್ಲಾಸ್ಟಿಕ್, ಬ್ಯಾಟರಿ, ಡೈಪರ್ ಮುಂತಾದವನ್ನು ತಾಣದ ಬುಟ್ಟಿಗೆ ಹಾಕದೆ ಒಂದು ಚೀಲದಲ್ಲಿ ಕಟ್ಟಿ ನಿಮ್ಮ ಊರಿಗೇ ವಾಪಸು ಒಯ್ಯಿರಿ.